ನೆಗೆಣ್ಣಿಗಿಂತ ಒಂದು ಬೆರಳು ದೊಡ್ಡ ಪುಸ್ತಕ

ಒಂದೇ ಮನೆಗೆ ಸೊಸೆಯರಾಗಿ ಬಂದ ಇಬ್ಬರು ಹೆಣ್ಣುಮಕ್ಕಳ ನಡುವೆ ಹೊಟ್ಟೆಕಿಚ್ಚು ಹುಟ್ಟಲು ದೊಡ್ಡ ಕಾರಣವೇನೂ ಬೇಕಿಲ್ಲ. ಒಬ್ಬಳ ಸೀರೆಯ ದಡಿ, ಇನ್ನೊಬ್ಬಳ ರೊಟ್ಟಿಯ ತೆಳುವು, ಯಾರ ಎಮ್ಮೆ ಹೆಚ್ಚು ಹಾಲು ಕೊಟ್ಟಿತು ಎಂಬ ಮಾತು, ಅಷ್ಟೇ ಸಾಕು. ದೇವರು ಮನುಷ್ಯನ ಹೊಟ್ಟೆಯನ್ನು ಮಾಡುವಾಗ ಹಸಿವಿನ ಬಗಲಿಗೇ ಈ ಕಿಚ್ಚಿಗೂ ಒಂದು ಸಣ್ಣ ಒಲೆ ಹೂಡಿಟ್ಟಿದ್ದಾನೆ. ಮಸಗುಪ್ಪಿಯ ಸತ್ತೆವ್ವನ ಹೊಟ್ಟೆಯಲ್ಲಿ ಆ ಒಲೆ ಹೊತ್ತಿಕೊಂಡದ್ದು ಒಂದು ಪುಸ್ತಕದಿಂದ.

ಸತ್ತೆವ್ವನ ಗಂಡ ಬೀರಸಿದ್ದಪ್ಪ ಕುರಿ ಸಾಕಿದವನು. ಒಂದು ತುಂಡು ಕಬ್ಬಿನ ಹೊಲವೂ ಇದೆ. ಅವನ ಅಣ್ಣ ರಾಜಪ್ಪ ಮಾವನ ಹೊಲ ನೋಡಿಕೊಳ್ಳಲೆಂದು ಕೌಜಲಗಿಗೆ ಹೋದವನು ಅಲ್ಲಿಯೇ ಮನೆ ಮಾಡಿದ. ರಾಜಪ್ಪನ ಹೆಂಡತಿ ರಾಯವ್ವ. ರಾಯವ್ವ ಹಿರಿಯ ಸೊಸೆ, ಸತ್ತೆವ್ವ ಕಿರಿಯ ಸೊಸೆ. ಇಬ್ಬರೂ ನೆಗೆಣ್ಣಿಯರು.

ಇವರ ಅತ್ತೆ ದೊಡ್ಡ ಹಾಡುಗಾರ್ತಿ. ಮದುವೆ ಮನೆಯಲ್ಲಿ ಸೋಬಾನೆ ಎತ್ತಿದರೆ ಒಲೆಯ ಮುಂದಿನವರೂ ಸೌಟು ಬಿಟ್ಟು ಹೊರಗೆ ಬರುತ್ತಿದ್ದರಂತೆ. ಆ ತಾಯಿ ಶಿವನ ಪಾದ ಸೇರಿದ ಮೇಲೆ ಹಾಡುಗಳು ಇಬ್ಬರು ಸೊಸೆಯರ ಬಾಯಲ್ಲಿ ಉಳಿದವು. ಹೆಚ್ಚು ಉಳಿದದ್ದು ಸತ್ತೆವ್ವನ ಬಾಯಲ್ಲಿ. ಬೀಸುಕಲ್ಲಿಗೆ ಅತ್ತೆಯ ಎದುರು ಕೂತು ಗೂಟ ಹಿಡಿದವಳು ಅವಳೇ. ರಾಯವ್ವ ಆಗಲೇ ಕೌಜಲಗಿಯಲ್ಲಿದ್ದಳು.

ಆದರೆ ಆ ಹಾಡುಗಳ ಪುಸ್ತಕ ಮಾಡಿಸಿದವಳು ರಾಯವ್ವ!

ರಾಯವ್ವನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೋದ ದಿನ ಸತ್ತೆವ್ವ ಅದನ್ನು ಮೊದಲ ಸಲ ನೋಡಿದಳು. ಬಂದವರಿಗೆಲ್ಲ ಎಲೆ ಅಡಿಕೆ ಕೊಡುವ ತಟ್ಟೆಯಲ್ಲೇ ಪುಸ್ತಕವೂ ಇತ್ತು. ಮುಖಪುಟದ ಮೇಲೆ ರಾಯವ್ವ ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಗಂಭೀರವಾಗಿ ಕೂತಿದ್ದಳು. ಮುಖಪುಟಕ್ಕೆ ಪ್ಲಾಸ್ಟಿಕ್ಕಿನ ಮಿರಿಮಿರಿ ಹೊದಿಕೆ. ನೋಡಿದವರ ಮುಖ ಅದರಲ್ಲಿ ಕಾಣುತ್ತಿತ್ತು. ಸತ್ತೆವ್ವನ ಮುಖವೂ ಕಂಡಿತು. ಅದು ಅವಳಿಗೆ ಅಷ್ಟು ಚೆನ್ನಾಗಿ ಕಾಣಲಿಲ್ಲ.

“ಹೆಂಗ ಆಗೇತಿ ನೋಡ ತಂಗಿ,” ಎಂದಳು ರಾಯವ್ವ.

“ಚೊಲೊ ಆಗೇತಿ ಯಕ್ಕಾ. ಭಾಳ ದಪ್ಪ ಆಗೇತಿ,” ಎಂದು ಸತ್ತೆವ್ವ ನಕ್ಕಳು. ತುಟಿ ಮಾತ್ರ ನಕ್ಕಿತು.

ಹೆಣ್ಣುಮಕ್ಕಳೆಲ್ಲ ತೊಟ್ಟಿಲ ಸುತ್ತ ಸೇರಿ ಕೂಸಿಗೆ ಹೆಸರಿಡುತ್ತಿದ್ದಾಗ ಸತ್ತೆವ್ವ ಪಡಸಾಲೆಯ ಮೂಲೆಗೆ ಹೋಗಿ ಪುಸ್ತಕವನ್ನು ಅಳೆದಳು. ಉದ್ದ ಒಂದು ಗೇಣು. ಅಗಲ ಎಂಟು ಬೆರಳು, ಅವರ ಮಾತಿನಲ್ಲಿ ಎಂಟು ಬಟ್ಟ. ದಪ್ಪ ಎರಡು ಬೆರಳು. ನೆನಪು ತಪ್ಪದಿರಲಿ ಎಂದು ಇನ್ನೊಮ್ಮೆ ಅಳೆದಳು. ಬೀರಸಿದ್ದಪ್ಪ ಅದನ್ನು ಕಂಡ.

“ಏನ ಮಾಡಾಕತ್ತಿ? ಅದಕ್ಕೇನ ಜಂಪರ ಹೊಲಸಾಕಿ?”

“ನೀವು ಸುಮ್ಮ ಇರ್ರಿ.”

ಬಸ್ಸಿನಲ್ಲಿ ಬರುವಾಗಲೂ ಅವಳು ಆ ಅಳತೆಯನ್ನೇ ಬೆರಳಿನಲ್ಲಿ ಎಣಿಸಿದಳು. ಮನೆಗೆ ಬಂದು ದೇವರ ಮುಂದೆ ದೀಪ ಹಚ್ಚಿದಳು, ಬೀರದೇವರಿಗೆ ಕೈ ಮುಗಿದಳು. ದಿನಾಲೂ ಮಳೆ ಬೆಳೆ, ಕುರಿ ಮರಿ ಬೇಡುವವಳು ಅವತ್ತು ಬೇರೆಯೇ ಬೇಡಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು.

“ಏನ್ರಿ, ನಂದೂ ಪುಸ್ತಕ ಆಗಬೇಕ್ರಿ. ಆಕಿ ಪುಸ್ತಕಕ್ಕಿಂತ ಒಂದ ಬಟ್ಟ ಉದ್ದ, ಒಂದ ಬಟ್ಟ ಅಗಲ, ಒಂದ ಬಟ್ಟ ದಪ್ಪ. ಬಾಜೂಕ ಬಾಜೂ ಇಟ್ರ ಆಕಿದು ನಂದರ ಮಗಳಂಗ ಕಾಣಬೇಕು.”

“ಹಾಡ ಹೆಚ್ಚಿರಬೇಕು ಅನ್ನವಲ್ಲಿ, ಬಟ್ಟ ಹೆಚ್ಚಿರಬೇಕು ಅಂತಿ,” ಎಂದ ಬೀರಸಿದ್ದಪ್ಪ.

“ಮಂದಿ ಮೊದಲ ನೋಡೂದು ಗಾತ್ರಾನ.”

ಹೀಗೆ ಹೇಳಿ ಅವಳು ಮಗಳು ವಿಜಯಲಕ್ಷ್ಮಿಯನ್ನು ಎದುರಿಗೆ ಕೂರಿಸಿಕೊಂಡಳು. ತಾಯಿ ಹಾಡಿದಳು, ಮಗಳು ಮೊಬೈಲಿನಲ್ಲಿ ಹಿಡಿದು ಒಂದೊಂದನ್ನೇ ಬರೆದಳು. ಸುಗ್ಗಿಯ ಕೆಲಸ ಮುಗಿಯುವ ಹೊತ್ತಿಗೆ ಹಾಡುಗಳು ಸಿದ್ಧವಾದವು. ರಾಯವ್ವನಿಗೆ ಗೊತ್ತಿಲ್ಲದ ಎಷ್ಟೋ ಹಾಡು ಅದರಲ್ಲಿದ್ದವು. ಅತ್ತೆಯ ದನಿ ಅಲ್ಲಿಗೆ ನಿಲ್ಲದೆ ಮುಂದಿನ ಮದುವೆಗಳಿಗೂ ಸಾಗಬೇಕಾದರೆ ಆ ಪುಸ್ತಕ ಬರಲೇಬೇಕಿತ್ತು. ಸತ್ತೆವ್ವನ ಬಾಯಿ ನಿಂತರೆ ಆ ಹಾಡುಗಳೂ ನಿಲ್ಲುತ್ತಿದ್ದವು. ಆದರೆ ಸತ್ತೆವ್ವನ ಚಿತ್ತವೆಲ್ಲ ಆ ಒಂದು ಬೆರಳಿನ ಮೇಲೆ.

ಅದೇ ಊರಿನ ಉದ್ದವ್ವನ ಮಗಳು ಆಮ್ರಪಾಲಿ ಗೋಕಾಕದ ಒಂದು ಪ್ರಕಾಶನದಲ್ಲಿ ಕೆಲಸ ಮಾಡುತ್ತಾಳೆ. ಪುಸ್ತಕದ ಪುಟ ಕೂಡಿಸುವುದು, ಕಾಗದ ಆರಿಸುವುದು, ಮುದ್ರಣಕ್ಕೆ ಕಳಿಸುವುದು ಅವಳ ಕೆಲಸ. ದಿನಾ ಬಸ್ಸಿಗೆ ಹೋಗಿ ಬರುವ ಹುಡುಗಿ. ಒಂದು ಸಂಜೆ ಅವಳು ಬಸ್ಸಿಳಿಯುವುದನ್ನೇ ಕಾದು ಸತ್ತೆವ್ವ ಹಿಡಿದುಕೊಂಡಳು.

“ಯವ್ವಾ ಆಮ್ರಪಾಲಿ, ನನ್ನ ಪುಸ್ತಕ ಮಾಡಿಕೊಡ. ಅಳತಿ ನಾ ಹೇಳತೇನಿ.”

ಅಳತೆಯನ್ನೆಲ್ಲ ಆಮ್ರಪಾಲಿ ಕೇಳಿಕೊಂಡಳು. “ಎಷ್ಟ ಪ್ರತಿ ಬೇಕ್ರಿ ಚಿಗವ್ವಾ?”

“ಕೌಜಲಗ್ಯಾಗ ಎಷ್ಟ ಮಾಡಸ್ಯಾರೊ ಅದಕ್ಕಿಂತ ಹೆಚ್ಚ.”

“ಓದಾವರು ಎಷ್ಟ ಮಂದಿ?”

“ಅದನ್ನ ಯಾರ ಎಣಸ್ಯಾರ? ಮೊದಲ ಪುಸ್ತಕ ಆಗಲಿ, ಓದವರು ಆಮ್ಯಾಲ ಬರತಾರ.”

“ಚಿಗವ್ವಾ, ಒಮ್ಮೆ ಕಾಕಾನ್ನ ಕರಕೊಂಡು ಗೋಕಾಕಕ್ಕ ಬರ್ರಿ. ಕಣ್ಣಾರೆ ನೋಡ್ರಿ. ನೋಡಿದ ಮ್ಯಾಲೂ ಹಿಂಗಽ ಬೇಕು ಅಂದ್ರ ಹಿಂಗಽ ಮಾಡೂಣು.”

ಗಂಡ ಹೆಂಡಿರು ಸಂತೆಯ ದಿನ ಗೋಕಾಕಕ್ಕೆ ಹೋದರು. ಮುದ್ರಣಾಲಯದಲ್ಲಿ ಯಂತ್ರದ ಸದ್ದು, ಮಸಿಯ ವಾಸನೆ. ಒಂದು ಕಡೆ ದೊಡ್ಡ ದೊಡ್ಡ ಹಾಳೆಗಳ ಒಟ್ಟಲು, ಇನ್ನೊಂದು ಕಡೆ ಕಾಗದ ಕತ್ತರಿಸುವ ಯಂತ್ರ. ಅದರ ಬುಡದಲ್ಲಿ ಬಿಳಿಯ ತುಂಡುಗಳ ಗುಡ್ಡ.

ಆಮ್ರಪಾಲಿ ಒಂದು ದೊಡ್ಡ ಹಾಳೆಯನ್ನು ಮೇಜಿನ ಮೇಲೆ ಹರಡಿದಳು. “ಪುಸ್ತಕದ ಹಾಳಿ ಬಿಡಿಬಿಡಿಯಾಗಿ ಬರೂದಿಲ್ರಿ. ಹಿಂಗ ದೊಡ್ಡದಽ ಬರತೈತಿ. ಈಗ ನೋಡ್ರಿ.” ಮಡಚಿದಳು, ಮತ್ತೆ ಮಡಚಿದಳು, ಇನ್ನೊಮ್ಮೆ ಮಡಚಿದಳು. “ರಾಯವ್ವ ದೊಡ್ಡವ್ವನ ಪುಸ್ತಕದ ಅಳತಿ ಇದ. ಇಷ್ಟ ದೊಡ್ಡ ಹಾಳ್ಯಾಗ ಎಂಟು ಹಾಳಿ ಬರತಾವು. ಅಂಚಿನಾಗ ಒಂದೀಟು ಹೋಗತೈತಿ, ಅಷ್ಟ.”

ಆಮೇಲೆ ಸತ್ತೆವ್ವ ಹೇಳಿದ ಅಳತೆಗೆ ಒಂದು ರಟ್ಟನ್ನು ಕತ್ತರಿಸಿ ಅವಳ ಕೈಗೇ ಕೊಟ್ಟಳು. “ಈಗ ಇದು ನಿಮ್ಮ ಪುಸ್ತಕ. ಈ ಹಾಳಿ ಮ್ಯಾಲ ನೀವಽ ಕೂಡಸ್ರಿ. ಎಷ್ಟ ಕೂಡತಾವು ನೋಡೂಣು.”

ಸತ್ತೆವ್ವ ರಟ್ಟನ್ನು ಇಟ್ಟು ಗೆರೆ ಎಳೆದಳು. ಒಂದು, ಎರಡು. ಕೆಳಗೆ ಇನ್ನೆರಡು. ಮೂರನೆಯ ಸಾಲು ಕೂಡಲಿಲ್ಲ. ರಟ್ಟನ್ನು ಅಡ್ಡ ಮಾಡಿದಳು, ಉದ್ದ ಮಾಡಿದಳು. ನಾಲ್ಕಕ್ಕಿಂತ ಹೆಚ್ಚು ಕೂಡಲೇ ಇಲ್ಲ.

“ಉಳಿದದ್ದು?” ಎಂದಳು.

ಆಮ್ರಪಾಲಿ ಕತ್ತರಿಸುವ ಯಂತ್ರದ ಬುಡದ ಗುಡ್ಡ ತೋರಿಸಿದಳು. “ಅಲ್ಲಿಗೆ. ದೊಡ್ಡ ಹಾಳಿ ಬ್ಯಾರೆನೂ ಇರತಾವ್ರಿ, ಆದ್ರ ಇಷ್ಟ ಸಣ್ಣ ಕೆಲಸಕ್ಕ ಅದನ್ನ ಯಾರೂ ತರಸೂದಿಲ್ಲ. ಒಂದು ಬಟ್ಟ ಹೆಚ್ಚು ಮಾಡಾಕ ಹೋದ್ರ ಎರಡ ಪಟ್ಟ ಕಾಗದ ಬೇಕು, ಅದರಾಗ ಭಾಳಷ್ಟ ಕಸಕ್ಕ ಹೋಗತೈತಿ. ಕಾಗದ ಅಂದ್ರ ಬರೇ ಕಾಗದ ಅಲ್ರಿ ಚಿಗವ್ವಾ. ಗಿಡ ಕಡೀಬೇಕು, ನೀರ ಹಾಕಿ ಕುದಸಬೇಕು, ಕರೆಂಟ ಸುಡಬೇಕು.”

ಬೀರಸಿದ್ದಪ್ಪ ತಲೆಯಾಡಿಸಿದ. “ಖರೆ ಐತಿ. ಎರಡ ಕುರಿ ಉಣ್ಣಿ ಕತ್ತರಿಸಿ, ಒಂದರದ್ದು ಕಂಬಳಿಗೆ ಹಾಕಿ, ಒಂದರದ್ದು ಹಳ್ಳಕ್ಕ ಒಗದಂಗ. ಹಂಗ ಮಾಡಿದ್ರ ನಮ್ಮಪ್ಪ ನನ್ನ ಕೊರಳಿಗೆ ಗಂಟಿ ಕಟ್ಟಿ ಹಿಂಡಿನಾಗ ಬಿಡತಿದ್ದ.”

ಸತ್ತೆವ್ವ ರಟ್ಟನ್ನು ಮೇಜಿನ ಮೇಲೆ ಇಟ್ಟಳು. ಹಿಂದೆ ಸರಿಯುವಾಗ ಅವಳ ಕಾಲು ಆ ತುಂಡುಗಳಿಗೆ ತಾಕಿತು. ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಯಂತ್ರದ ಬಳಿ ನಿಂತಿದ್ದ, ಕಾಗದ ಕತ್ತರಿಸುವ ಕೆಲಸದ ಶಿವಪುತ್ರ ಎಂಬವನು ನಕ್ಕ. “ಯಕ್ಕಾ, ಅದರ ಮ್ಯಾಲ ಅಕ್ಷರ ಇಲ್ರಿ. ಬರೇ ಹಾಳಿ.”

ಓದುವವರೇ, ಇಲ್ಲಿ ಒಂದು ಗಳಿಗೆ ನಿಲ್ಲೋಣ. ಅಕ್ಷರವಿದ್ದ ಕಾಗದ ಕಾಲಿಗೆ ತಾಕಿದರೆ ನಾವೆಲ್ಲ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಖಾಲಿ ಕಾಗದ ತಾಕಿದರೆ ದಾಟಿ ಹೋಗುತ್ತೇವೆ. ಆದರೆ ಮರ ತನ್ನ ಮೈ ಕೊಟ್ಟದ್ದು ಎರಡಕ್ಕೂ ಒಂದೇ ರೀತಿ. ಸತ್ತೆವ್ವನಿಗೆ ಇದನ್ನೆಲ್ಲ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಕೈ ತಾನಾಗಿ ಬಗ್ಗಿತು, ಅಷ್ಟೇ. ಬಗ್ಗಿದ ಮೇಲೆ ಅವಳ ಮನಸ್ಸಿಗೆ ಒಂದು ನಮೂನೆ ಆಯಿತು.

“ಆತು ಬಿಡು. ಉದ್ದ ಅಗಲ ಆಕಿದರಷ್ಟಽ ಇರಲಿ,” ಎಂದಳು ಕೊನೆಗೆ. “ದಪ್ಪ ಮಾತ್ರ ಬಿಡಾಂಗಿಲ್ಲ. ಮೂರ ಬಟ್ಟ ಬೇಕ ಬೇಕು.”

ಆಮ್ರಪಾಲಿ ಚೀಲದಿಂದ ರಾಯವ್ವನ ಪುಸ್ತಕವನ್ನೇ ತೆಗೆದಳು. ಯಾರೋ ಅವಳಿಗೂ ಒಂದು ಕೊಟ್ಟಿದ್ದರು. “ಈ ದಪ್ಪ ಎಲ್ಲಿಂದ ಬಂತು, ತಗದ ನೋಡ್ರಿ.”

ಸತ್ತೆವ್ವ ಹಾಳೆ ತಿರುಗಿಸಿದಳು. ಒಂದು ಹಾಳೆಗೆ ಒಂದು ಹಾಡು. ಹಾಡಿನ ಸುತ್ತ ಹೂವು ಬಳ್ಳಿ. ಹಾಳೆಯ ಹಿಂಬದಿ ಖಾಲಿ. ಮತ್ತೊಂದು ಹಾಡು, ಹಿಂದೆ ಖಾಲಿ. ಅವಳ ಬೆರಳು ಬೇಗಬೇಗ ಓಡತೊಡಗಿತು. ತೊಟ್ಟಿಲ ದಿನ ಅವಳು ಹೊರಗಿನಿಂದಷ್ಟೇ ಅಳೆದಿದ್ದಳು, ಒಳಗೆ ನೋಡಿರಲಿಲ್ಲ.

“ಅಯ್ಯ ಶಿವನ! ಹಂಗಾದ್ರ ಆಕಿ ಪುಸ್ತಕ ಅರ್ಧ ಖಾಲಿ ಐತೇನ?”

“ಅರ್ಧಕ್ಕಿಂತ ಹೆಚ್ಚ.”

“ಏನ್ರಿ, ಕೇಳಿದ್ರಿ? ಅರ್ಧಕ್ಕಿಂತ ಹೆಚ್ಚ ಖಾಲಿ ಅಂತ!” ಸತ್ತೆವ್ವನ ಮುಖ ಬೆಳಗಿತು.

ಆಮ್ರಪಾಲಿ ಒದಗಿದ ಸಮಯ ಬಿಡಲಿಲ್ಲ. “ಎರಡೂ ಬದಿ ಅಚ್ಚ ಮಾಡೂಣು. ಸಣ್ಣ ಹಾಡ ಇದ್ರ ಒಂದ ಪುಟಕ್ಕ ಎರಡ ಕೂಡಸೂಣು. ವಯಸ್ಸಾದವರಿಗೂ ಕಾಣೂವಂಗ ಅಕ್ಷರ ದೊಡ್ಡದ ಇರಲಿ, ಹೂ ಬಳ್ಳಿ ಬ್ಯಾಡ. ಪುಸ್ತಕ ತೆಳ್ಳಗ ಆಗತೈತ್ರಿ. ಆದ್ರ ಆಕಿ ಪುಸ್ತಕಕ್ಕಿಂತ ಹೆಚ್ಚ ಹಾಡ ಇರತಾವು.”

“ಹೆಚ್ಚ ಹಾಡ,” ಎಂದು ಸತ್ತೆವ್ವ ಮೆಲ್ಲಗೆ ಅಂದಳು. ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡಂತೆ ಅಂದಳು. ಆಮೇಲೆ ಥಟ್ಟನೆ ಅನುಮಾನ ಬಂತು. “ಹಾಳಿ ಮಾತ್ರ ಆಕಿದರಂಗ ಬೆಳ್ಳಗ ಹಾಲಿನಂಗ ಇರಬೇಕ ಮತ್ತ.”

“ಬೆಳ್ಳಗ ಮಾಡಾಕ ಇನ್ನಷ್ಟ ಔಷಧ ಹಾಕತಾರ್ರಿ. ಇದನ್ನ ನೋಡ್ರಿ.” ಆಮ್ರಪಾಲಿ ಕೆನೆ ಬಣ್ಣದ ಹಾಳೆ ಕೊಟ್ಟಳು. “ಕಬ್ಬ ಫ್ಯಾಕ್ಟರಿಗೆ ಹೋಗತೈತಲ್ಲ, ರಸ ಹಿಂಡಿದ ಮ್ಯಾಲ ಸಿಪ್ಪಿ ಉಳೀತೈತಿ. ಆ ಸಿಪ್ಪ್ಯಾಗಿಂದ ಮಾಡಿದ ಕಾಗದ ಇದು. ಇದಕ್ಕ ಗಿಡ ಕಡಿಯೂದ ಕಡಿಮಿ.”

“ಏನಂದಿ? ನಮ್ಮ ಅತ್ತಿ ಹಾಡ ಸಿಪ್ಪಿ ಮ್ಯಾಲೇನ? ಆಕಿ ಹಾಡ ಹಾಲಿನ ಮ್ಯಾಲ, ನನ್ನ ಹಾಡ ಕಸದ ಮ್ಯಾಲ! ನೀ ರಾಯವ್ವನ ಕಡ್ಯಾಕಿ ಅದಿ ಬಿಡು.”

“ಏ, ನಮ್ಮ ಕಬ್ಬ ನಿನಗ ಯಾವಾಗಿಂದ ಕಸ ಆತು?” ಎಂದ ಬೀರಸಿದ್ದಪ್ಪ. “ಸುಗ್ಯಾಗ ಅದನ್ನ ಬಾಯಾಗ ಹಿಡಕೊಂಡಽ ಕುಂತಿದ್ದಿ. ಆ ಸಿಪ್ಪಿ ನಮ್ಮ ಹೊಲದ್ದಽ ಯಾಕಿರಬಾರದು? ರಾಯವ್ವನ ಹಾಳಿ ಯಾವ ದೇಶದ ಗಿಡದ್ದೊ ಏನೊ. ನಿಂದು ಮನಿದು.”

ಸತ್ತೆವ್ವ ಹಾಳೆಯನ್ನು ಮೂಗಿಗೆ ಹಿಡಿದು ಮೂಸಿದಳು. ಬೆರಳಿನಿಂದ ತಿಕ್ಕಿದಳು. “ಕಣ್ಣಿಗೆ ಚುಚ್ಚವಲ್ದು,” ಎಂದಳು. ಅವಳಿಂದ ಅಷ್ಟು ಹೊರಟರೆ ಒಪ್ಪಿಗೆ ಎಂದೇ ಅರ್ಥ.

ಮುಖಪುಟಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ ಬೇಡ ಎಂದಾಗ ಮಾತ್ರ ಮತ್ತೆ ಜಗಳ ಹತ್ತಿತು. ಪ್ಲಾಸ್ಟಿಕ್ಕು ಅಂಟಿದ ರಟ್ಟು ಮುಂದೆ ಹಳೆಯದಾದಾಗ ಕರಗಿ ಮತ್ತೆ ಕಾಗದವಾಗುವುದು ಕಷ್ಟ ಎಂದು ಆಮ್ರಪಾಲಿ ತಿಳಿಸಿ ಹೇಳಿದಳು. ಪ್ರತಿಗಳ ಮಾತಿಗೂ ಜಗಳವಾಯಿತು. “ಮೊದಲ ನಿಮ್ಮ ಹೆಣ್ಣಮಕ್ಕಳ ಸಂಘದವರಿಗೆ, ಕೇಳಿದವರಿಗೆ ಆಗೂವಷ್ಟಽ ಮಾಡೂಣು. ಬೇಕಾದ್ರ ಮತ್ತ ಮಾಡಾಕ ಬರತೈತ್ರಿ. ಈಗ ಸಣ್ಣ ಯಂತ್ರ ಬಂದಾವು, ಬೇಕಾದಾಗ ಬೇಕಾದಷ್ಟ ತಗೀತಾವು.” ಸತ್ತೆವ್ವ ಮುಖ ಗಂಟು ಹಾಕಿಕೊಂಡೇ ಹೂಂ ಅಂದಳು.

ಪುಸ್ತಕಗಳು ಬಂದವು. ಸತ್ತೆವ್ವ ಗಂಟು ಬಿಚ್ಚಿ ಒಂದನ್ನು ತೆಗೆದಳು. ಅಂಗೈ ಮೇಲೆ ಇಟ್ಟರೆ ಭಾರವೇ ಇಲ್ಲ.

“ಇದನ್ನ ಹಿಡಕೊಂಡು ನಾ ಕೌಜಲಗಿಗೆ ಹೆಂಗ ಹೋಗಲಿ? ಪಂಚಾಂಗಕ್ಕಿಂತ ತೆಳ್ಳಗ ಐತಿ!”

“ಅಲ್ಲೇನ ಮತ್ತ. ಆಕಿ ಪುಸ್ತಕ ಎಮ್ಮಿ, ನಿನ್ನ ಪುಸ್ತಕ ಆಡಿನ ಮರಿ,” ಎಂದ ಬೀರಸಿದ್ದಪ್ಪ. ಅವತ್ತು ಅವನಿಗೆ ಬರೀ ರೊಟ್ಟಿ, ಪಲ್ಯ ಇಲ್ಲ.

ಆದರೆ ಆಡಿನ ಮರಿ ಒಂದು ಕಡೆ ನಿಲ್ಲುವ ಜಾತಿಯಲ್ಲ. ಸಂಘದ ಹೆಣ್ಣುಮಕ್ಕಳು ಒಂದೊಂದು ಒಯ್ದರು. ಕಸ ತೆಗೆಯಲು ಹೊಲಕ್ಕೆ ಹೋಗುವಾಗ ಸೀರೆಯ ಉಡಿಯಲ್ಲಿ ಸಿಕ್ಕಿಸಿಕೊಂಡು ಹೋದರು. ಸಾಲಿನ ತುದಿಯಲ್ಲಿ ಕೂತು ಓದು ಬಲ್ಲವಳು ಓದಿದಳು, ಉಳಿದವರು ಹಾಡಿದರು. ಮೂಡಲಗಿಗೆ ಮದುವೆಯಾಗಿ ಹೋದ ಹುಡುಗಿ ಒಂದು ಒಯ್ದಳು. ಅವಳ ಅತ್ತೆ ಹುಕ್ಕೇರಿಯ ತಂಗಿಗೆ ಇನ್ನೊಂದು ಬೇಕೆಂದಳು. ಪ್ರತಿಗಳು ತೀರಿದವು. ಆಮ್ರಪಾಲಿ ಕೇಳಿದವರ ಸಲುವಾಗಿ ಇನ್ನಷ್ಟು ಮುದ್ರಿಸಿ ತಂದಳು. ಮನೆಯಲ್ಲಿ ಒಂದೂ ಉಳಿಯಲಿಲ್ಲ, ಸತ್ತೆವ್ವನ ಸ್ವಂತದ್ದು ಕೂಡ ಯಾರೋ ಒಯ್ದಿದ್ದರು.

ಆ ಹೊತ್ತಿನಲ್ಲೇ ಮಸಗುಪ್ಪಿಯ ಒಂದು ಮದುವೆಗೆ ರಾಯವ್ವ ಬಂದಳು. ಸೋಬಾನೆಗೆ ಕೂತ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಉಡಿಗೆ ಕೈ ಹಾಕಿ ಆ ತೆಳ್ಳನೆಯ ಪುಸ್ತಕ ತೆಗೆದರು. ಕೆಲವಕ್ಕೆ ಅರಿಸಿನದ ಕೈ ಹತ್ತಿತ್ತು, ಕೆಲವದರ ಮೂಲೆ ಮಡಚಿತ್ತು. ಹಾಡು ಎದ್ದಿತು. ರಾಯವ್ವ ಕೇಳುತ್ತ ಕೂತಳು. ಅವಳಿಗೆ ಗೊತ್ತಿಲ್ಲದ ಹಾಡು ಬಂದಾಗ ಕುತ್ತಿಗೆ ಬಗ್ಗಿಸಿದಳು.

ಮದುವೆ ಮುಗಿಸಿ ಸತ್ತೆವ್ವನ ಮನೆಗೆ ಬಂದು ಕೂತ ಮೇಲೆ ಅವಳು ತಾನಾಗಿಯೇ ಬಾಯಿ ಬಿಟ್ಟಳು.

“ನನಗ ಹೊಟ್ಟಿ ಉರೀತ ನೋಡ ಸತ್ತೆವ್ವಾ. ನಿನ್ನ ಪುಸ್ತಕ ಊರೂರ ತಿರಗ್ಯಾಡಾಕತ್ತಾವು. ನನ್ನವು ಖೋಲಿ ತುಂಬ ಕುಂತಾವು. ಬಂದವರಿಗೆ ಎಲಿ ಅಡಕಿ ಕೊಟ್ಟಂಗ ಕೊಟ್ಟೆ, ಒಬ್ಬರೂ ತಗದ ನೋಡಿಲ್ಲ. ಈಗ ಕೆಳಗಿನ ಗಂಟಿಗೆ ಒರಲಿ ಹತ್ತೇತಿ. ರದ್ದಿಗೆ ಹಾಕೂಣು ಅಂದ್ರ ಅದರಾಗ ಅತ್ತಿ ಹಾಡ ಅದಾವು, ಕೈ ಬರವಲ್ದು.”

“ಅಷ್ಟ್ಯಾಕ ಮಾಡಸಿದಿ ಯಕ್ಕಾ?”

“ಅತ್ತಿ ಸಾಯೂ ಮುಂದ ಹಾಡ ಕೇಳಬೇಕು ಅನಸಿದಾಗ ಯಾರನ್ನ ಕರದ್ಲು? ನಿನ್ನ. ನಾ ಬಾಜೂಕಽ ಕುಂತಿದ್ದೆ. ಅದು ಒಳಗ ಇತ್ತು. ಅದಕ್ಕಽ ದಪ್ಪ ಮಾಡಸಿದೆ, ಹೆಚ್ಚ ಮಾಡಸಿದೆ.”

ಸತ್ತೆವ್ವ ಎಷ್ಟೋ ದಿನದಿಂದ ಈ ಮಾತಿಗೇ ಕಾದಿದ್ದಳು. ನೆಗೆಣ್ಣಿಯ ಹೊಟ್ಟೆ ತನ್ನಿಂದ ಉರಿಯಬೇಕು ಎಂದು ದೇವರಲ್ಲಿ ಬೇಡಿಕೊಂಡಿದ್ದಳು. ಅದು ಕೇಳಿದಾಗ ಸಂತೋಷವಾಗಲಿಲ್ಲವೆಂದರೆ ಸುಳ್ಳಾದೀತು. ಆಯಿತು. ಆದರೆ ಒಂದು ಗಳಿಗೆ ಮಾತ್ರ ನಿಂತಿತು. ಕತ್ತಲೆ ಖೋಲಿಯಲ್ಲಿ ಅತ್ತೆಯ ಹಾಡನ್ನು ಒರಲೆ ಹುಳುಗಳು ತಿನ್ನುವುದು ಕಣ್ಣ ಮುಂದೆ ಬಂತು, ಸಂತೋಷ ಅಲ್ಲಿಗೇ ಆರಿತು.

ಅವಳು ಎದ್ದು ಹೋಗಿ ಆಮ್ರಪಾಲಿಯನ್ನು ಕರೆತಂದಳು.

“ದೊಡ್ಡವ್ವಾ, ಚಿಂತಿ ಮಾಡಬ್ಯಾಡ್ರಿ,” ಎಂದಳು ಆಮ್ರಪಾಲಿ. “ಚೊಲೊ ಇದ್ದವನ್ನ ಹುಕ್ಕೇರಿ, ಮೂಡಲಗಿ ಕಡೆ ಸಾಲಿಗೆ, ಗ್ರಂಥಾಲಯಕ್ಕ, ಸಂಘಕ್ಕ ಕೊಡೂಣು. ಒರಲಿ ತಿಂದವನ್ನ ಮುಖಪುಟ ಹರದು ತಗದು ರದ್ದಿಗೆ ಹಾಕ್ರಿ. ಅದು ಅಪಚಾರ ಅಲ್ರಿ. ಕರಗಿ ಮತ್ತ ಕಾಗದ ಆಗತೈತಿ. ಇನ್ನೊಂದ ಪುಸ್ತಕ ಆಗಿ ಹುಟ್ಟಿ ಬರತೈತಿ.”

“ಆ ಇನ್ನೊಂದ ಪುಸ್ತಕ ಯಾರದ?” ಎಂದ ಬೀರಸಿದ್ದಪ್ಪ ಕಟ್ಟೆಯ ಮೇಲಿನಿಂದ. “ಮತ್ತ ಇಬ್ಬರೂ ಬಟ್ಟ ಹಿಡದ ಅಳೀಬ್ಯಾಡ್ರಿ.”

“ಒಂದಽ ಪುಸ್ತಕ ಮಾಡೂಣು,” ಎಂದಳು ಸತ್ತೆವ್ವ. “ನಿನ್ನ ಪುಸ್ತಕದಾಗ ನನಗ ಬಾರದ ನಾಕ ಹಾಡ ಅದಾವ ಯಕ್ಕಾ, ನಾ ನೋಡೇನಿ. ನನ್ನವೂ ಸೇರಿಸಿ ಅತ್ತಿ ಹೆಸರ ಹಾಕೂಣು. ಎರಡ ಪುಸ್ತಕದ ಕೆಲಸ ಒಂದಽ ಪುಸ್ತಕದ ಕಾಗದದಾಗ ಮುಗೀತೈತಿ.”

“ಮೊದಲ ಯಾರ ಹೆಸರ?” ಎಂದಳು ರಾಯವ್ವ ಥಟ್ಟನೆ.

ಎಲ್ಲರೂ ನಕ್ಕರು. ರಾಯವ್ವನಿಗೂ ನಗು ಬಂತು.

ಹೊರಡುವಾಗ ಸತ್ತೆವ್ವ ನೆಗೆಣ್ಣಿಯನ್ನು ಮಣೆಯ ಮೇಲೆ ಕೂರಿಸಿದಳು. ಅರಿಸಿನ ಕುಂಕುಮ ಹಚ್ಚಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅದರ ಮೇಲೆ ಪಕ್ಕದ ಮನೆಯಿಂದ ಇಸಕೊಂಡು ತಂದ ಆ ತೆಳ್ಳನೆಯ ಪುಸ್ತಕ. ರಾಯವ್ವ ಸೆರಗು ಮುಚ್ಚಿ ಗಂಟು ಕಟ್ಟಿದಳು. ಗಂಟು ಸಲೀಸಾಗಿ ಕೂತಿತು.

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಊರುಗಳಲ್ಲಿ ಈಗ ಪುಸ್ತಕ ಮಾಡಿಸುವವರು ಕಡಿಮೆ ಇಲ್ಲ. ಸಂಘದ ವರದಿ, ಮಠದ ಸ್ಮರಣ ಸಂಚಿಕೆ, ಹಿರಿಯರ ನೆನಪಿನ ಹೊತ್ತಿಗೆ, ಮಕ್ಕಳ ಕವನ, ಏನೇ ಇರಲಿ, ಮಾಡಿಸಿ. ಹಾಡು, ಅನುಭವ ಉಳಿಯಲಿ. ಮಾಡಿಸುವ ಮುನ್ನ ಮುದ್ರಣಾಲಯದವರನ್ನು ಒಂದು ಮಾತು ಕೇಳಿ: ಈ ಅಳತೆಗೆ ದೊಡ್ಡ ಹಾಳೆಯಲ್ಲಿ ಎಷ್ಟು ಕಸಕ್ಕೆ ಹೋಗುತ್ತದೆ? ಹಾಳೆಯ ಎರಡೂ ಬದಿ ಬಳಸಿ. ಕಬ್ಬಿನ ಸಿಪ್ಪೆಯ ಕಾಗದವೋ, ಹಳೆಯ ಕಾಗದ ಕರಗಿಸಿ ಮಾಡಿದ್ದೋ, ಗಿಡ ಕಡಿದಲ್ಲಿ ಮತ್ತೆ ಗಿಡ ನೆಟ್ಟು ಬೆಳೆಸಿದ ಕಾಡಿನದೋ ಸಿಗುತ್ತದೆಯೇ ಎಂದು ವಿಚಾರಿಸಿ. ಪ್ಲಾಸ್ಟಿಕ್ಕಿನ ಮಿಂಚು ಬಿಡಿ. ಓದುವವರನ್ನು ಎಣಿಸಿ ಪ್ರತಿ ಮಾಡಿಸಿ, ಬೇಕಾದರೆ ಮತ್ತೆ ಮಾಡಿಸಬಹುದು. ಮನೆಯಲ್ಲಿ ಗಂಟು ಕಟ್ಟಿಟ್ಟ ಪುಸ್ತಕಗಳಿದ್ದರೆ ಇವತ್ತೇ ಬಿಚ್ಚಿ ಓದುವ ಕೈಗೆ ಕೊಡಿ.

ಈ ಕರಪತ್ರವೂ ಒಂದೇ ಹಾಳೆ, ಎರಡೂ ಬದಿ ಅಚ್ಚಾಗಿದೆ. ಓದಿ ಮುಗಿದ ಮೇಲೆ ಕಪಾಟಿನಲ್ಲಿ ಇಡಬೇಡಿ, ಪಕ್ಕದ ಮನೆಗೆ ಕೊಡಿ. ನೆಗೆಣ್ಣಿಯ ಮನೆಗೇ ಕೊಟ್ಟರಂತೂ ಇನ್ನೂ ಒಳ್ಳೆಯದು.